ಖಾಸಿಮನ ಲೆಕ್ಕ ತಪ್ಪಿರಲಿಲ್ಲ

ಆ ಯಂತ್ರವನ್ನು ಕೆಡಿಸಿದವನು ನಾನು. ರಾಯಚೂರಿನ ಅಕ್ಕಿ ಗಿರಣಿಯಲ್ಲಿ ಆ ದಿನ ಇದ್ದವರು ನಾಲ್ಕೇ ಮಂದಿ — ನಮ್ಮ ಪ್ರೊಫೆಸರು, ಗಿರಣಿಯ ಸಾಹುಕಾರರು, ಖಾಸಿಂ, ನಾನು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು.

ಖಾಸಿಂ ಮಾನ್ವಿಯ ಬಳೆ ವ್ಯಾಪಾರಿಯ ಮಗ. ನಾವಿಬ್ಬರೂ ಒಂದೇ ಕಾಲೇಜಿನ ಅಧ್ಯಾಪಕರು, ಇಬ್ಬರಿಗೂ ನಿಯಂತ್ರಣ ಶಾಸ್ತ್ರದ ಹುಚ್ಚು. ಸಂಶೋಧನೆಗೆ ಕಳಿಸುವ ಜಾಗ ಮಾತ್ರ ಒಂದೇ; ಯಾರಿಗೆಂದು ಆರಿಸುವವರು ಪ್ರೊಫೆಸರು. ಅಂದಮೇಲೆ ಸ್ನೇಹ ಎಲ್ಲಿ ಉಳಿದೀತು? ಒಮ್ಮೆ ಕಾಲೇಜಿನಲ್ಲಿ ನನ್ನ ಸಮೀಕರಣ ನೋಡಿ ಅವನು ಎಲ್ಲರಿಗೂ ಕೇಳುವಂತೆ ಅಂದಿದ್ದ: “ಹಾಳಿ ಮ್ಯಾಲ ಚಂದ ಅದ ಬಿಡ್ರಿ. ಭತ್ತಕ್ಕ ಓದಾಕ ಬರಬೇಕಲ್ಲ.” ಎಲ್ಲರೂ ನಕ್ಕರು. ನಾನೂ ನಕ್ಕೆ — ಹಲ್ಲು ಕಡಿದುಕೊಂಡು.

ಕುದಿಸಿದ ಭತ್ತ ಒಣಗಿಸುವ ಬಿಸಿಗಾಳಿಯನ್ನು ಒಂದೇ ಹದದಲ್ಲಿ ಇಡುವುದು, ಅಂದು ಪರೀಕ್ಷೆಗೆ ಇಟ್ಟಿದ್ದ ಅವನ ಯಂತ್ರದ ಕೆಲಸ. ಗಾಳಿ ತಣ್ಣಗಾದರೆ ತಾನೇ ಉಗಿ ಹೆಚ್ಚಿಸಬೇಕು, ಕಾದರೆ ತಗ್ಗಿಸಬೇಕು. ಎಷ್ಟು ಚುರುಕಾಗಿ ಎಂಬುದು ತಿರುಗಿಸುವ ಒಂದು ಗುಂಡಿಯ ಕೈಯಲ್ಲಿತ್ತು. ಖಾಸಿಂ ಬಾಯ್ಲರ್ ನೋಡಲು ಹೋದ. ಹಿರಿಯರಿಬ್ಬರೂ ಹೊರಗೆ ಚಹಾ ಕುಡಿಯುತ್ತಿದ್ದರು. ನಾನು ಗುಂಡಿಯ ಸ್ಕ್ರೂ ಸಡಿಲಿಸಿ, ಒಳಗಿನ ಕಡ್ಡಿಯನ್ನು ಕೊನೆಯವರೆಗೆ ತಿರುಗಿಸಿ, ಗುಂಡಿಯನ್ನು ಮತ್ತೆ ಅವನು ಇಟ್ಟಿದ್ದ ಗುರುತಿಗೇ ಕೂರಿಸಿದೆ. ಯೋಚಿಸಿಯೇ ಮಾಡಿದೆ — ಸಿಟ್ಟಿನ ಭರದಲ್ಲಿ ಅಂತ ಹೇಳಲಾರೆ.

ಎಲ್ಲರೂ ಬಂದು ಚಾಲೂ ಮಾಡಿದೊಡನೆ ಯಂತ್ರಕ್ಕೆ ಅವಸರ ಹತ್ತಿತು. ಬಿಸಿ ಏರಿತು, ಇಳಿಯಿತು, ಮತ್ತಷ್ಟು ಏರಿತು. ಕಾಳು ಬಿರಿಯಿತು.

“ಒಣಗಸ್ತೀರೋ, ಹುರೀತೀರೋ ಮಾಸ್ತರ?” ಎಂದರು ಸಾಹುಕಾರರು.

ಖಾಸಿಂ ಗುರುತು ನೋಡಿದ, ತಂತಿ ನೋಡಿದ, ಮತ್ತೆ ಗುರುತು ನೋಡಿದ. ಪ್ರೊಫೆಸರು ನನ್ನ ಕಡೆ ತಿರುಗಿದರು.

“ಗುಂಡಿ ಇದ್ದಲ್ಲೇ ಅದರೀ ಸರ. ಲೆಕ್ಕಾನ ತಪ್ಪ್ಯಾದ,” ಎಂದೆ.

ಯಂತ್ರ ಬಿಚ್ಚಿಕೊಡುವ ನೆಪದಲ್ಲಿ ಎಲ್ಲ ಮೊದಲಿನಂತೆ ಮಾಡಿಟ್ಟೆ. ಕಡ್ಡಿ ತಿರುಗಿಸಿದ್ದಕ್ಕಿಂತ ಆ ಮಾತೇ ಅವನನ್ನು ಕೆಡವಿತು — ಅವನು ಅದನ್ನು ನಂಬಿಬಿಟ್ಟ. ಜಾಗ ನನಗೆ ಸಿಕ್ಕಿತು. ಡಾಕ್ಟರೇಟು, ಹುದ್ದೆ, ಹಾರ ತುರಾಯಿ ಎಲ್ಲ ಅದರ ಬೆನ್ನಿಗೇ ಬಂದವು. ಖಾಸಿಂ ದೇವದುರ್ಗದ ಶಾಲೆಯೊಂದರಲ್ಲಿ ಗಣಿತ ಹೇಳಲು ಹೋದ. ಸಂಶೋಧನೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಹತ್ತು ವರ್ಷದ ಮೇಲೆ ಅವನ ಮನೆಯ ಹೊಸ್ತಿಲಲ್ಲಿ ನಿಂತು ಎಲ್ಲ ಹೇಳಿದೆ. ಒಳಗೆ ಬರ್ರಿ ಅನ್ನಲಿಲ್ಲ.

“ಅಂದ್ರ, ನನ್ನ ಲೆಕ್ಕ ಬರೋಬ್ಬರಿ ಇತ್ತು?”

“ಬರೋಬ್ಬರಿ ಇತ್ತು.”

“ಪ್ರೊಫೆಸರಿಗೆ ಹೇಳೀರೇನು?”

ಇಲ್ಲ ಎಂದೆ.

“ಮತ್ತ ನನ್ನ ಮುಂದ ಯಾಕ ಅಳಾಕತ್ತೀರಿ? ನಡೀರಿ ಇಲ್ಲಿಂದ.”

ಬಾಗಿಲು ಹಾಕಿಕೊಂಡ.

ಮರುದಿನ ಬೆಳಿಗ್ಗೆ ರಾಯಚೂರಿನಲ್ಲಿ ಪ್ರೊಫೆಸರ ಮನೆಯ ಬಾಗಿಲು ಬಡಿದೆ.