ಗಳಿಗೆಯಕ್ಕನ ಹತ್ತು ಮಡಿಕೆ

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಹೊದಿಕೆ ಒಗೆದ ಹೆಂಗಸನ್ನು ಅಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಅವಳು ಮಡಿಸಿಟ್ಟ ಹೊದಿಕೆ ಈಗಷ್ಟೇ ಅಂಗಡಿಯಿಂದ ಬಂದ ಹೊಸ ಬಟ್ಟೆಯಂತೆ ಗಳಿಗೆ ಹಿಡಿದು, ಮಡಿಕೆ ಮುರಿಯದೆ ಕೂತಿರುತ್ತದೆ, ಅಂಚಿಗೆ ಅಂಚು, ಮೂಲೆಗೆ ಮೂಲೆ. ಅದಕ್ಕೇ ಅವಳು ಗಳಿಗೆಯಕ್ಕ.

ಲಾಂಡ್ರಿಯ ತುದಿಯಲ್ಲಿ ಸೀಸದ ತಗಡು ಹೊಡೆದ ಬಾಗಿಲಿನ ಒಂದು ಕೋಣೆಯಿದೆ. ಥೈರಾಯ್ಡ್ ಗ್ರಂಥಿಯ ಕ್ಯಾನ್ಸರಿಗೆಂದು ವಿಕಿರಣ ಸೂಸುವ ಅಯೋಡಿನ್ ನುಂಗಿದ ರೋಗಿಗಳ ಹೊದಿಕೆಗಳು ಅಲ್ಲಿಗೆ ಬರುತ್ತವೆ. ಅವರ ಬೆವರಿನಲ್ಲೂ ಜೊಲ್ಲಿನಲ್ಲೂ ಆ ಅಯೋಡಿನ್ ಇರುತ್ತದೆ. ಹೊದಿಕೆಗಳನ್ನು ದಪ್ಪ ಚೀಲಕ್ಕೆ ತುಂಬಿ, ತಾರೀಖಿನ ಚೀಟಿ ಕಟ್ಟಿ, ಎಂಬತ್ತು ದಿನ ಬೀಗದೊಳಗೆ ಇಡಬೇಕು. ಒಗೆಯುವುದು ಆಮೇಲೆ. ಬೀಗದಕೈ ಗಳಿಗೆಯಕ್ಕನ ಸೊಂಟದಲ್ಲಿ.

ಎಂಬತ್ತು ದಿನ ಯಾಕೆಂದು ಅವಳು ಕೇಳಿ ತಿಳಿದುಕೊಂಡದ್ದು ವಿಕಿರಣ ಅಳೆಯುವ ಅಧಿಕಾರಿಯಿಂದ. ಕೈಯಲ್ಲಿ ಸದಾ ಮೀಟರ್ ಹಿಡಿದೇ ತಿರುಗುವ ಆ ಮನುಷ್ಯನಿಗೆ ಹೆಂಗಸರು ಇಟ್ಟ ಹೆಸರು ಮೀಟರ್ ಮೇಷ್ಟ್ರು.

“ಸೋಡಾ ಹಾಕಿ ಕುದಿಸಿದ್ರೆ ಹೋಗಲ್ವಾ ಮೇಷ್ಟ್ರೇ?”

“ಬಟ್ಟೆಯಿಂದ ಹೋಗಿ ನೀರಿಗೆ ಸೇರುತ್ತೆ, ಅಷ್ಟೇ. ನಿಮ್ಮ ಸೋಪಿನ ಕೈ ಪರಮಾಣುವಿನ ಅಂಗಳದವರೆಗೆ ಮಾತ್ರ ಅಕ್ಕಾ. ಅಲ್ಲಿ ಓಡಾಡೋ ಎಲೆಕ್ಟ್ರಾನ್‌ಗಳ ಜೊತೆ ಅದರ ವ್ಯವಹಾರ. ಈ ಗಲಾಟೆ ನಡೀತಿರೋದು ಒಳಮನೇಲಿ, ನ್ಯೂಕ್ಲಿಯಸ್‌ನಲ್ಲಿ. ಅಲ್ಲಿಗೆ ಬಿಸಿನೀರೂ ಮುಟ್ಟಲ್ಲ, ಬೈಗುಳಾನೂ ಮುಟ್ಟಲ್ಲ.”

“ಒಳಮನೇಲಿ ಯಾರ್ಯಾರಿದಾರೆ?”

“ಐವತ್ಮೂರು ಪ್ರೋಟಾನು, ಒಬ್ಬರನ್ನ ಕಂಡ್ರೆ ಒಬ್ಬರಿಗಾಗಲ್ಲ, ತಳ್ಳಾಡ್ತಾನೇ ಇರ್ತಾರೆ. ಜೊತೆಗೆ ನ್ಯೂಟ್ರಾನು, ತಳ್ಳಾಟಕ್ಕೆ ಬರದವರು. ಮೈಗೆ ಮೈ ತಾಗಿಸಿ ನಿಂತಾಗ ಎಲ್ಲರನ್ನೂ ಬಿಗಿಯಾಗಿ ಹಿಡಿಯೋ ಬಲ ಒಂದಿದೆ, ಅದಕ್ಕೇ ಮನೆ ನಿಂತಿದೆ. ಮಾಮೂಲಿ ಅಯೋಡಿನ್‌ನಲ್ಲಿ ನ್ಯೂಟ್ರಾನು ಎಪ್ಪತ್ನಾಲ್ಕು. ಇದರಲ್ಲಿ ಎಪ್ಪತ್ತೆಂಟು. ನಾಲ್ಕು ಜಾಸ್ತಿ ಆಯ್ತು, ಮನೆಗೆ ನೆಮ್ಮದಿಯಿಲ್ಲ. ಯಾವತ್ತೋ ಒಂದಿನ ಒಂದು ನ್ಯೂಟ್ರಾನು ಪ್ರೋಟಾನಾಗಿಬಿಡುತ್ತೆ, ಒಂದು ಎಲೆಕ್ಟ್ರಾನನ್ನ ಆಚೆ ಉಗಿಯುತ್ತೆ. ಹಿಂದೇನೇ ಗಾಮಾ ಕಿರಣ. ಅಲ್ಲಿಗೆ ಅದು ಅಯೋಡಿನ್ನೇ ಅಲ್ಲ, ಕ್ಸೆನಾನ್ ಅನ್ನೋ ಅನಿಲ.”

“ಯಾವತ್ತೋ ಅಂದ್ರೆ ಯಾವತ್ತು?”

“ಇಂಥ ನ್ಯೂಕ್ಲಿಯಸ್ ಇಂಥ ದಿನ ಅಂತ ಹೇಳೋಕೆ ಯಾರಿಂದಲೂ ಆಗಲ್ಲ. ರಾಶೀಲಿ ಮಾತ್ರ ಲೆಕ್ಕ ತಪ್ಪಲ್ಲ. ಎಂಟು ದಿನಕ್ಕೆ ಅರ್ಧ. ಅದಕ್ಕೇ ಅರ್ಧಾಯುಷ್ಯ ಅನ್ನೋದು.”

“ಹಾಗಾದ್ರೆ ಎಂಟೆಂಟು ದಿನಕ್ಕೆ ಒಂದು ಗಳಿಗೆ ಬೀಳುತ್ತೆ ಅನ್ನಿ,” ಎಂದು ಅವಳು ಒಂದು ದಿಂಬಿನ ಚೀಲ ತೆಗೆದುಕೊಂಡು ಮಡಿಸಿದಳು. ಅರ್ಧ, ಕಾಲು, ಅರೆಕಾಲು. ಏಳನೆಯ ಮಡಿಕೆಗೆ ಬಟ್ಟೆ ಮಣಿಯಲಿಲ್ಲ. ಉಳಿದದ್ದನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಳು. ಹತ್ತನೆಯದಕ್ಕೆ ಸಾವಿರದ ಇಪ್ಪತ್ನಾಲ್ಕರಲ್ಲಿ ಒಂದು ಪಾಲು. ಹತ್ತು ಮಡಿಕೆ, ಎಂಬತ್ತು ದಿನ. ಆರನೇ ತರಗತಿಗೆ ಶಾಲೆ ಬಿಟ್ಟವಳು.

ಈಗ ಹೊಸ ಮ್ಯಾನೇಜರ ವಿಷಯ. ಹೆಸರಿನ ಹಿಂದೆ ಎರಡು ಡಿಗ್ರಿ ಇದ್ದ ಈತ ಬಂದ ತಿಂಗಳಲ್ಲೇ ವಾರ್ಡುಗಳಲ್ಲಿ ಹೊದಿಕೆ ಸಾಲುತ್ತಿಲ್ಲವೆಂದು ನೆಲಮಾಳಿಗೆಗೆ ಇಳಿದ. ಸೀಸದ ಬಾಗಿಲ ಮೇಲಿನ ಫಲಕ ಓದಿದ. ಅಯೋಡಿನ್, ಅರ್ಧಾಯುಷ್ಯ ಎಂಟು ದಿನ.

“ಅರ್ಧ ಆಯುಷ್ಯ ಎಂಟು ದಿನ ಅಂದ್ರೆ ಪೂರ್ತಿ ಆಯುಷ್ಯ ಹದಿನಾರು. ಎಂಬತ್ತು ಅಂತ ಬರೆದ ಮಹಾನುಭಾವ ಯಾರು? ಹದಿನಾರು ದಿನ ಆದ ಚೀಲ ಎಲ್ಲಾ ಈಗಲೇ ಹೊರಗೆ ತೆಗೀರಿ.”

ಒಗೆಯುವ ಮುನ್ನ ಪ್ರತಿ ಹೊದಿಕೆಯನ್ನೂ ಬಿಡಿಸಿ ಕೊಡವಿ, ಸೂಜಿಗೀಜಿ ಇದೆಯೇ ಎಂದು ನೋಡುವ ಮೇಜೊಂದಿದೆ. ಅಲ್ಲಿ ನಿಂತಿದ್ದವಳು ಗಳಿಗೆಯಕ್ಕನ ತಂಗಿಯ ಮಗಳು, ಐದು ತಿಂಗಳ ಬಸುರಿ. ಅಯೋಡಿನ್ ಮೈಗೆ ಸೇರಿದರೆ ನೇರ ಕುತ್ತಿಗೆಯ ಗ್ರಂಥಿಗೆ ಹೋಗುತ್ತದೆ. ಐದು ತಿಂಗಳಿಗೆ ಹೊಟ್ಟೆಯೊಳಗಿನ ಕೂಸಿಗೂ ಆ ಗ್ರಂಥಿ ಕೆಲಸ ಶುರುಮಾಡಿರುತ್ತದೆ. ಇದನ್ನೂ ಮೇಷ್ಟ್ರೇ ಹೇಳಿದ್ದರು.

“ಸಾರ್, ಅರ್ಧದಲ್ಲಿ ಅರ್ಧ ಹೋದ್ರೆ ಕಾಲು ಉಳಿಯುತ್ತೆ,” ಎಂದು ಗಳಿಗೆಯಕ್ಕ ಒಂದು ಹೊದಿಕೆಯನ್ನು ಎರಡು ಸಲ ಮಡಿಸಿ ಅವನ ಮುಂದೆ ಹಿಡಿದಳು. “ಇದು ಹದಿನಾರು ದಿನದ್ದು. ನೋಡಿ, ಕೈಯಲ್ಲೇ ಇದೆ. ಮಾಯ ಆಗಿಲ್ಲ.”

“ಬಟ್ಟೆ ಮಡಿಸೋದು ನಿನ್ನ ಕೆಲಸ. ವಿಜ್ಞಾನ ಅಲ್ಲ.”

“ನಿಮ್ಮದೂ ಅಲ್ಲ ಅಂತ ಕಾಣುತ್ತೆ. ಮೇಷ್ಟ್ರನ್ನ ಕರೆಸಿ, ಮೀಟರ್ ಇಟ್ಟು ನೋಡ್ಲಿ.”

ಮೇಷ್ಟ್ರು ಆ ಹೊತ್ತು ಊರಾಚೆಯ ಇನ್ನೊಂದು ಆಸ್ಪತ್ರೆಯಲ್ಲಿದ್ದರು. ಮೀಟರೂ ಅವರ ಜೊತೆ. ನೂರಾರು ಜನ ದುಡಿಯುವ ಕಟ್ಟಡಕ್ಕೆ ಇನ್ನೊಂದು ಮೀಟರ್ ಇರಲಿಲ್ಲ, ಆದರೆ ಮ್ಯಾನೇಜರ ಕೋಣೆಗೆ ಎರಡು ಏಸಿ ಇದ್ದವು.

ಗಳಿಗೆಯಕ್ಕ ಒಂದು ಸ್ಟೂಲು ಎಳೆದುಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಮೇಲಿನ ವಾರ್ಡುಗಳಿಂದ ಫೋನು ಶುರುವಾಯಿತು. ಅಮಾನತಿನ ಕಾಗದ ಟೈಪಾಗುತ್ತಿದೆ ಎಂಬ ಸುದ್ದಿ ಬಂತು. ಹಾದುಹೋಗುತ್ತಿದ್ದ ದೊಡ್ಡ ಡಾಕ್ಟರೊಬ್ಬರು, ಗೊತ್ತಿರಬೇಕಾದವರು, “ಹೊಂದಿಕೊಂಡು ಹೋಗಮ್ಮಾ” ಎಂದು ಲಿಫ್ಟು ಹತ್ತಿದರು. ಯಾವುದಕ್ಕೆ ಹೊಂದಿಕೊಳ್ಳಬೇಕು? ಗಾಮಾ ಕಿರಣಕ್ಕೋ, ಮ್ಯಾನೇಜರಿಗೋ?

“ದೊಡ್ಡಮ್ಮಾ, ಕೆಲಸ ಹೋಗುತ್ತೆ. ಕೊಟ್ಬಿಡು ಬೀಗದಕೈ,” ಎಂದಳು ತಂಗಿಯ ಮಗಳು, ಮೆಲ್ಲಗೆ.

“ಕೆಲಸ ಹೋದ್ರೆ ಇನ್ನೊಂದು ನೋಡ್ಬಹುದು. ನಿನ್ನ ಕೂಸಿಗೆ ಕುತ್ತಿಗೆ ಒಂದೇ. ಹೋಗು, ಆ ಮೇಜಿಂದ ದೂರ ಹೋಗಿ ಕೂತ್ಕೋ.”

ಮಧ್ಯಾಹ್ನ ಮೂರಕ್ಕೆ ಮೇಷ್ಟ್ರು ಬಂದರು. ಗಳಿಗೆಯಕ್ಕ ಎದ್ದು ಬೀಗ ತೆಗೆದಳು. ಎಂಬತ್ತು ದಿನ ಮುಗಿಸಿದ ಚೀಲಕ್ಕೆ ಮೊದಲು ಮೀಟರ್ ಹಿಡಿದರು. ಬರೀ ಗೋಡೆಗೆ ಹಿಡಿದಾಗಿನಷ್ಟೇ ಸದ್ದು, ಆಗೊಂದು ಈಗೊಂದು ಟಿಕ್ಕು. ಆಮೇಲೆ ಹದಿನಾರು ದಿನದ ಚೀಲ. ಹುರಿಯುವ ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಮೀಟರ್ ಚಟಪಟ ಸಿಡಿಯಿತು, ನಿಲ್ಲಲೇ ಇಲ್ಲ. ಮ್ಯಾನೇಜರ್ ಎರಡು ಹೆಜ್ಜೆ ಹಿಂದೆ ಸರಿದ. ಇಷ್ಟು ಹೊತ್ತೂ ಅದೇ ಚೀಲವನ್ನು ಆ ಹುಡುಗಿಯ ಮಡಿಲಿಗೆ ಸುರಿಯಲು ಹೊರಟವನಿಗೆ ತನ್ನ ಕಾಲು ಹಿಂದೆ ಸರಿಯಬೇಕೆಂದು ಮಾತ್ರ ತಕ್ಷಣ ಹೊಳೆಯಿತು.

ಎಂಬತ್ತು ಎಂಬತ್ತಾಗಿಯೇ ಉಳಿಯಿತು. ಅಮಾನತಿನ ಕಾಗದ ಟೈಪ್ ಯಂತ್ರದಿಂದ ಕೆಳಗೆ ಬರಲಿಲ್ಲ. ಬಂದದ್ದು ಇನ್ನೊಂದು ಸುತ್ತೋಲೆ: “ಲಾಂಡ್ರಿ ಸಿಬ್ಬಂದಿಯ ತಪ್ಪು ತಿಳುವಳಿಕೆಯಿಂದ ಉಂಟಾದ ಗೊಂದಲವನ್ನು ಬಗೆಹರಿಸಲಾಗಿದೆ. ಅರ್ಧಾಯುಷ್ಯದ ಬಗ್ಗೆ ಸಿಬ್ಬಂದಿಗೆ ಸೋಮವಾರ ಕಡ್ಡಾಯ ತರಗತಿ. ಬೋಧನೆ: ಮ್ಯಾನೇಜರ್.”

ಸೋಮವಾರ ಹದಿನಾಲ್ಕು ಹೆಂಗಸರು ಬೆಂಚುಗಳ ಮೇಲೆ ಕೂತರು. ಮ್ಯಾನೇಜರ್ ಗಂಟಲು ಸರಿಮಾಡಿಕೊಂಡು ಒಂದು ಹೊದಿಕೆ ಕೈಗೆತ್ತಿಕೊಂಡು ಮಡಿಸತೊಡಗಿದ. “ಮೊದಲ ಎಂಟು ದಿನಕ್ಕೆ ಅರ್ಧ. ಆಮೇಲೆ, ಗಮನವಿಟ್ಟು ನೋಡಿ, ಕಾಲು.” ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಹೊದಿಕೆ ಅವನ ಕೈಯಲ್ಲಿ ಸೊಟ್ಟಗೆ ಜೋತಾಡುತ್ತಿತ್ತು.

ಗಳಿಗೆಯಕ್ಕ ಎದ್ದು ಹೋಗಿ ಅದನ್ನು ಅವನ ಕೈಯಿಂದ ತೆಗೆದುಕೊಂಡಳು. “ಅಂಚಿಗೆ ಅಂಚು ಸೇರ್ಬೇಕು ಸಾರ್. ಇಲ್ಲಾಂದ್ರೆ ಅರ್ಧ ಅನ್ನೋದು ಅರ್ಧ ಆಗಲ್ಲ.” ಮಡಿಸಿ ಮೇಜಿನ ಮೇಲಿಟ್ಟಳು. ಸಹಿಗೆಂದು ಹಾಜರಿ ಹಾಳೆ ಪೆನ್ನಿನ ಜೊತೆ ಅವಳ ಮುಂದೆ ಬಂತು. ಅದರ ತಲೆಯಲ್ಲಿ ಅದೇ ಸುತ್ತೋಲೆಯ ಸಾಲು.

“ತಪ್ಪು ತಿಳುವಳಿಕೆ ಯಾರದ್ದು ಅಂತ ಇಲ್ಲಿ ಸರಿಯಾಗಿ ಬರೀರಿ. ಆಮೇಲೆ ಸಹಿ ಹಾಕ್ತೀನಿ,” ಎಂದು ಪೆನ್ನನ್ನು ಮುಚ್ಚಿ ತಂಗಿಯ ಮಗಳ ಕಡೆಗೆ ಚಾಚಿದಳು.

ಬೀಗದಕೈ ಕೊಟ್ಟುಬಿಡು ಎಂದಿದ್ದ ಹುಡುಗಿ ಪೆನ್ನು ತೆಗೆದುಕೊಂಡಳು, ಆ ಸಾಲನ್ನು ಎರಡು ಸಲ ಓದಿದಳು, ಮುಚ್ಚಳ ತೆಗೆಯದೆ ಮುಂದಿನವಳಿಗೆ ದಾಟಿಸಿದಳು.