ಆಲದ ಮರದ ಬಾವಲಿಗಳು

ಹರಿಹರದಿಂದ ಹಾರ್ನ್ ಒತ್ತುತ್ತಲೇ ಬಂದ ನಮ್ಮ ಬಸ್ಸು, ಮಟಮಟ ಮಧ್ಯಾಹ್ನ ಕುಕ್ಕುವಾಡದ ಬಳಿ ಮದುವೆ ಮೆರವಣಿಗೆಯೊಂದರ ಹಿಂದೆ ನಿಂತಿತು. ರಸ್ತೆಗೆ ಬಾಗಿದ ಆಲದ ಮರದ ತುಂಬ ಬಾವಲಿಗಳು ತಲೆಕೆಳಗಾಗಿ ತೂಗುತ್ತಿದ್ದವು. ಮದುಮಗಳ ಅಜ್ಜಿ ಕೈ ಎತ್ತಿದ್ದೇ ತಡ, ಬ್ಯಾಂಡಿನವರು ಬಾರಿಸುವುದನ್ನು ನಿಲ್ಲಿಸಿದರು.

"ನಮ್ಮ ಹುಡುಗನ ಮೆರವಣಿಗೆ ಮೂಕ ಆಗ್ಬೇಕಾ? ರಕ್ತ ಹೀರೋ ದೆವ್ವಗಳಿಗೆ ಎಂಥಾ ಮರ್ಯಾದಿ?" ದಾವಣಗೆರೆಯ ಬೀಗರು ಸಿಟ್ಟಾದರು.

"ಸಿನಿಮಾದಾಗ ಹೀರ್ತಾವೇನೋ. ನಮ್ಮವು ಹಣ್ಣು ತಿಂತಾವ್ರಿ, ಹಗಲೊತ್ತು ಮಲಗ್ತಾವ. ನನ್ನ ಮದುವಿ ದಿಬ್ಬಣನೂ ಇಲ್ಲಿ ಸದ್ದಿಲ್ದಂಗ ದಾಟೈತೆ" ಎಂದಳು ಅಜ್ಜಿ, ಎದೆ ಸೆಟೆಸಿ.

ಬೀಗರು ಬ್ಯಾಂಡಿಲ್ಲದೆಯೇ ನಿಧಾನವಾಗಿ ಮುಂದೆ ನಡೆದರು. ತಡವಾಗುತ್ತಿದೆಯೆಂದು ನಾನು, "ಹಾರ್ನ್ ಹೊಡೀರಿ" ಎಂದೆ. ಡ್ರೈವರ್ ಕ್ಯಾಸೆಟ್ ನಿಲ್ಲಿಸಿದ, ಎಂಜಿನ್ನನ್ನೂ ಆರಿಸಿದ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ: "ನಂದೂ ಇದೇ ಊರ್ರಿ."