ದೀದಿಯ ಮಾರ್ಕ್ಸ್ ಕಾರ್ಡು

ಕಳೆದ ತಿಂಗಳು ಲಿಂಗಸುಗೂರಿನ ಒಂದು ಝೆರಾಕ್ಸ್ ಅಂಗಡಿಯಲ್ಲಿ ಮಗಳ ಮಾರ್ಕ್ಸ್ ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸುತ್ತಿದ್ದೆ. ಯಂತ್ರದಿಂದ ಕಾಗದ ಹೊರಬಂದಾಗ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಅಂಗಡಿಯವನು ಎರಡು ಸಲ ಕರೆದನಂತೆ, ನನಗೆ ಕೇಳಿಸಲಿಲ್ಲ. ದೀದಿ ನೆನಪಾಗಿದ್ದಳು...

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ತುರ್ವಿಹಾಳದಿಂದ ಬೆಳಿಗ್ಗೆ ಬಸ್ಸು ಹಿಡಿದು ನಾನು ಸಿಂಧನೂರಿನ ಒಂದು ಕಂಪ್ಯೂಟರ್ ಸೆಂಟರಿಗೆ ಟೈಪ್ ಮಾಡುವ ಕೆಲಸಕ್ಕೆ ಹೋಗುತ್ತಿದ್ದೆ. ಕೆಳಗೆ ಮಾಲೀಕರದೇ ಝೆರಾಕ್ಸ್ ಅಂಗಡಿ, ಮೇಲೆ ನಮ್ಮ ಕೋಣೆ. ಎದುರಿನ ಅಕ್ಕಿ ಗಿರಣಿಯ ಧೂಳು ಕಂಪ್ಯೂಟರಿಗೆ ಹೊಕ್ಕೀತೆಂದು ಕಿಟಕಿಗಳಿಗೆ ಮೊಳೆ ಹೊಡೆಸಿದ್ದರು. ಕೆಳಗಿನ ಲ್ಯಾಮಿನೇಷನ್ ವಾಸನೆ ಮೆಟ್ಟಿಲು ಹತ್ತಿ ಬಂದರೆ ಸಂಜೆಯವರೆಗೂ ಹೋಗುತ್ತಿರಲಿಲ್ಲ.

ಅಲ್ಲಿ ಪ್ರೋಗ್ರಾಮು ಬರೆಯಲು ಬರುತ್ತಿದ್ದದ್ದು ಒಬ್ಬಳಿಗೇ. ಬಂಗಾಳಿ ನಿರಾಶ್ರಿತರು ನೆಲೆಸಿದ್ದ ಆರ್.ಎಚ್. ಕ್ಯಾಂಪಿನ ಮನೆಯೊಂದರ ಮಗಳು. ಮನೆಯಲ್ಲಿ ಬಂಗಾಳಿ, ನಮ್ಮೊಂದಿಗೆ ನಮ್ಮದೇ ಕನ್ನಡ. ನಾವಷ್ಟೇ ಅಲ್ಲ, ಅವಳಿಗಿಂತ ಹಿರಿಯರಾದ ಮಾಲೀಕರೂ ಅವಳನ್ನು ದೀದಿ ಎಂದೇ ಕರೆಯುತ್ತಿದ್ದರು. ಕೆಲಸಕ್ಕೆ ಸೇರುವಾಗ, ಮೂರು ವರ್ಷ ಬಿಟ್ಟು ಹೋಗುವುದಿಲ್ಲವೆಂದು ಅವಳಿಂದ ಬರೆಸಿಕೊಂಡು, ಡಿಪ್ಲೊಮಾದ ಅಸಲು ಮಾರ್ಕ್ಸ್ ಕಾರ್ಡುಗಳನ್ನು ಮಾಲೀಕರು ತಮ್ಮ ಕಪಾಟಿನಲ್ಲಿಟ್ಟುಕೊಂಡಿದ್ದರು.

ಆ ವರ್ಷ ಸುತ್ತಲಿನ ಅಕ್ಕಿ ಗಿರಣಿಗಳ ವಿವರವನ್ನು ಇಂಟರ್‌ನೆಟ್ಟಿಗೆ ಹಾಕಿಕೊಡುವ ಕೆಲಸ ಬಂತು. ಒಂದು ಗಿರಣಿಗೆ ಒಂದು ಪುಟ. ನಾನು ಒಂದೊಂದೇ ಪುಟವನ್ನು ಕೈಯಿಂದ ಟೈಪ್ ಮಾಡುತ್ತಿದ್ದೆ. ದಿನಕ್ಕೆ ನಾಲ್ಕು ಮುಗಿದರೆ ಹೆಚ್ಚು, ಅವುಗಳಲ್ಲೂ ತಪ್ಪು. ದೀದಿ ಎರಡು ದಿನ ನೋಡಿದಳು. ಮೂರನೆಯ ದಿನ ಎಲ್ಲ ಗಿರಣಿಗಳ ಹೆಸರು, ಊರು, ಫೋನು, ಅಕ್ಕಿಯ ತಳಿಗಳನ್ನು ಒಂದೇ ಡೇಟಾಬೇಸಿಗೆ ಸೇರಿಸಲು ಹೇಳಿದಳು. ತಾನು ಒಂದು ಖಾಲಿ ಪುಟದ ಅಚ್ಚು ಮಾಡಿದಳು. ಅವಳ ಪ್ರೋಗ್ರಾಮು ಡೇಟಾಬೇಸಿನಿಂದ ಒಂದು ಗಿರಣಿಯ ಸಾಲನ್ನು ಎತ್ತಿಕೊಂಡು, ಅಚ್ಚಿನ ಖಾಲಿ ಜಾಗಗಳಲ್ಲಿ ತುಂಬಿ, ಪುಟ ಉಳಿಸಿ, ಮುಂದಿನ ಸಾಲಿಗೆ ಹೋಗುತ್ತಿತ್ತು.

"ಮದುವಿ ಕಾರ್ಡ್ ಇರ್ತಾವಲ್ಲ, ಹಂಗ. ಹೆಸರು ಅಷ್ಟ ಬದಲಿ," ಎಂದಳು.

ಮೊದಲ ಸಲ ಓಡಿಸಿದಾಗ ನಡುವೆಯೇ ನಿಂತುಬಿಟ್ಟಿತು. ಒಂದು ಸಣ್ಣ ಗಿರಣಿಗೆ ಫೋನೇ ಇರಲಿಲ್ಲ. "ಫೋನ್ ಇಲ್ಲದವ್ರಿಗೂ ಪುಟ ಬೇಕಲ್ಲಬೇ," ಎಂದು ನಕ್ಕು ಮತ್ತೆರಡು ಸಾಲು ಬರೆದಳು. ಆಮೇಲೆ ಪುಟಗಳು ಒಂದರ ಹಿಂದೊಂದು ಬಂದವು... ನಾನು ಬಾಯಿ ತೆರೆದು ನೋಡುತ್ತಿದ್ದೆ. ನಮ್ಮ ಕೋಣೆಗೆ ಇಂಟರ್‌ನೆಟ್ ಬಂದಿರಲಿಲ್ಲ. ಪುಟಗಳನ್ನು ಇಂಟರ್‌ನೆಟ್ಟಿಗೆ ಏರಿಸಲು ಫ್ಲಾಪಿಗಳು ಹೈದರಾಬಾದಿನ ಬಸ್ಸಿನಲ್ಲಿ ಹೋಗುತ್ತಿದ್ದವು. ತಾನು ಮಾಡಿದ ಪುಟಗಳು ಅಲ್ಲಿ ಹೇಗೆ ಕಾಣುತ್ತವೆಂದು ದೀದಿ ಒಮ್ಮೆಯೂ ನೋಡಲಿಲ್ಲ.

ಆ ಬೇಸಿಗೆಯಲ್ಲಿ ಬಳ್ಳಾರಿಯ ಒಂದು ಕಾಲೇಜಿನಿಂದ ಅವಳಿಗೆ ಕೆಲಸದ ಸಂದರ್ಶನಕ್ಕೆ ಪತ್ರ ಬಂತು. ಅಸಲು ಕಾಗದ ತರಲೇಬೇಕೆಂದು ಬರೆದಿದ್ದರು.

"ಒಂದು ದಿನಕ್ಕ ಕೊಡ್ರಿ ಸರ್, ಮರುದಿನ ತಂದು ಕೊಡ್ತೀನಿ," ಎಂದು ಕೇಳಿದಳು.

"ನೀ ಹೋದ್ರ ಈ ಕೆಲಸ ಯಾರು ನೋಡ್ತಾರ? ಮೊದಲು ಯಾರಿಗಾದ್ರೂ ಕಲಿಸು, ಆಮ್ಯಾಲೆ ಹೋಗು," ಎಂದರು ಮಾಲೀಕರು.

ಅವಳು ನನಗೆ ಕಲಿಸಿದಳು. ಎರಡು ವಾರ, ಊಟದ ಹೊತ್ತಿನಲ್ಲೂ. ಎಲ್ಲಿ ತಪ್ಪಾಗಬಹುದು, ತಪ್ಪಾದರೆ ಯಾವ ಸಾಲು ನೋಡಬೇಕು, ಒಂದನ್ನೂ ಬಚ್ಚಿಡಲಿಲ್ಲ. ಒಂದು ಮಧ್ಯಾಹ್ನ ಅವಳು ಪೋಸ್ಟಾಫೀಸಿಗೆ ಹೋಗಿದ್ದಾಗ ನಾನೊಬ್ಬಳೇ ಕೂತು ಓಡಿಸಿದೆ. ಎಲ್ಲ ಪುಟಗಳೂ ಸರಿಯಾಗಿ ಬಂದವು. ಅವಳಿಗೆ ಹೇಳಿ ಕುಣಿಯಬೇಕೆನಿಸಿತು. ಸಂಜೆ ಹೇಳೋಣವೆಂದುಕೊಂಡೆ...

ಅಷ್ಟರಲ್ಲಿ ಮಾಲೀಕರೇ ಮೇಲೆ ಬಂದರು. ಸಂದರ್ಶನಕ್ಕೆ ಇನ್ನೆರಡು ದಿನವಿತ್ತು. ದೀದಿಯೂ ಬಂದು ನನ್ನ ಕುರ್ಚಿಯ ಪಕ್ಕದಲ್ಲಿ ನಿಂತಿದ್ದಳು.

"ಏನಬೇ, ಕಲಿತೇನು?" ಎಂದರು. ನಾನು ಬಾಯಿ ತೆರೆಯುವ ಮೊದಲೇ, "ಕಲಿತಿದ್ರ ನಾಳಿ ಬರೋವಾಗ ನಿನ್ನ ಒರಿಜಿನಲ್ ಕಾರ್ಡ್ ತೊಗೊಂಡು ಬಾ. ಆಕಿದು ಆಕಿಗಿ ಕೊಟ್ಟು ನಿಂದು ಇಟ್ಕೋತೀನಿ," ಎಂದರು.

ಮೊಳೆ ಹೊಡೆದ ಕಿಟಕಿ ನನ್ನೆದುರೇ ಇತ್ತು. ಮೂರು ವರ್ಷ ಇದೇ ಕುರ್ಚಿ, ಇದೇ ವಾಸನೆ. ದೀದಿ ನನ್ನನ್ನೇ ನೋಡುತ್ತಿದ್ದಳು.

"ಇಲ್ರೀ ಸರ್... ನನಗಿನ್ನಾ ಬರವಲ್ದು," ಎಂದೆ.

ದೀದಿ ಮಾಲೀಕರ ಕಡೆ ತಿರುಗಿ, "ಇರ್ಲಿ ಬಿಡ್ರಿ, ನಾನಾ ಬರೋಬ್ಬರಿ ಕಲಿಸಿಲ್ಲ," ಎಂದಳು.

ಸಂದರ್ಶನದ ದಿನವೂ ಅವಳು ಎಂದಿನಂತೆ ಒಂಬತ್ತಕ್ಕೇ ಬಂದು ಕೂತಳು. ಒಮ್ಮೆ ಮಾತ್ರ, "ಟೈಮ್ ಎಷ್ಟಾತು?" ಎಂದು ಕೇಳಿದಳು. ಹನ್ನೊಂದೂವರೆ ಎಂದೆ. ತಲೆ ಆಡಿಸಿ ಮತ್ತೆ ಕೆಲಸಕ್ಕೆ ತೊಡಗಿದಳು.

ಅವಳ ಪಕ್ಕದಲ್ಲಿ ಕೂರುವುದು ನನ್ನಿಂದಾಗಲಿಲ್ಲ. ಒಂದು ತಿಂಗಳಲ್ಲಿ ಕೆಲಸ ಬಿಟ್ಟೆ. ನನ್ನ ಕಾಗದಗಳು ಮನೆಯಲ್ಲೇ ಇದ್ದುದರಿಂದ ಯಾರೂ ತಡೆಯಲಿಲ್ಲ. ಮುಂದೆ ಮಸ್ಕಿಗೆ ಮದುವೆಯಾಗಿ ಬಂದೆ. ಆ ದಿನ ನೆನಪಾದಾಗಲೆಲ್ಲ ಒಂದೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅವಳು ನನ್ನ ಮಾತನ್ನು ನಂಬಿದಳು, ನನಗೆ ನಿಜವಾಗಿಯೂ ಬರಲಿಲ್ಲವೆಂದೇ ತಿಳಿದಳು ಎಂದು. ಸಿಂಧನೂರಿಗೆ ಎಷ್ಟೋ ಸಲ ಹೋದೆ. ಆ ಬೀದಿಗೆ ಹೋಗಲಿಲ್ಲ.

ಲಿಂಗಸುಗೂರಿನಿಂದ ಬಂದ ಮರುವಾರ ಕ್ಯಾಂಪಿಗೆ ಹೋದೆ. ಕೇಳುತ್ತಾ ಕೇಳುತ್ತಾ ಮನೆ ಸಿಕ್ಕಿತು. ಬಾಗಿಲು ತೆರೆದವನು ದೀದಿಯ ತಮ್ಮ, ಕೂದಲು ನರೆತಿದ್ದವು. ಕಿಡ್ನಿ ಕೆಟ್ಟು ದೀದಿ ತೀರಿಕೊಂಡು ಎರಡು ವರ್ಷವಾಗಿತ್ತು. ಮೂರು ವರ್ಷವೆಂದು ಬರೆಸಿಕೊಂಡವರು ಸೆಂಟರ್ ಮುಚ್ಚುವವರೆಗೂ ಕಾಗದ ಕೊಡಲಿಲ್ಲವಂತೆ. ಕೈಗೆ ಬರುವಷ್ಟರಲ್ಲಿ ಸರಕಾರಿ ಕೆಲಸದ ವಯಸ್ಸು ಮೀರಿತ್ತು. ಕೊನೆಯವರೆಗೂ ಕ್ಯಾಂಪಿನ ಮಕ್ಕಳಿಗೆ ಇದೇ ಪಡಸಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದಳಂತೆ.

ನಾನು ಅವಳೊಂದಿಗೆ ಕೆಲಸಕ್ಕಿದ್ದೆ ಎಂದೆ. ಅವನ ಮುಖ ಅರಳಿತು.

"ತುರ್ವಿಹಾಳದವ್ರು ನೀವೇನ್ರೀ? ದೀದಿ ಭಾಳ ಹೇಳ್ತಿದ್ಲು. ಒಬ್ಬಾಕಿಗಿ ಕಲಿಸಿದ್ದೆ, ಎರಡಾ ವಾರಕ್ಕ ಪೂರಾ ಕಲತ್ಲು, ನನಗಿಂತ ಜಲ್ದಿ ಅಂತ."

ಅವನ ಹೆಂಡತಿ ಚಹಾ ತಂದಿಟ್ಟಳು. ಅಂದು ಮಾಲೀಕರೆದುರು ನಾನು ಏನು ಹೇಳಿದೆನೆಂಬುದನ್ನು ಅವನಿಗೆ ಹೇಳಿದೆ. ದೀದಿಗೆ ಹೇಳಬೇಕಾಗಿದ್ದ ಮಾತು... ಅವನು ಚಹಾದ ಲೋಟವನ್ನು ನನ್ನ ಕಡೆ ಸರಿಸಿದ.

"ಚಾ ಆರಾಕತ್ತೈತ್ರೀ, ಕುಡೀರಿ," ಎಂದ.